ಡ್ರ್ಯಾಗನ್‌ಫ್ಲೈ ಫೋಟೋ ಸ್ಪಷ್ಟವಾಗಿದ್ದರೂ ಪ್ರಭೇದ ಯಾವುದೆಂದು ತಿಳಿಯುತ್ತಿಲ್ಲ, ಯಾಕೆ?

ನೀವು ಹೇಳಿದಂತೆ ಪ್ರತಿ ಹುಳಕ್ಕೂ ಮೇಲಿನಿಂದ ಒಂದೇ ಫೋಟೋ ತೆಗೆದು, ಬಣ್ಣ ಹೋಲಿಸಿ ಹೆಸರು ಹುಡುಕುತ್ತಿದ್ದೀರಿ. ಎಡವಟ್ಟಾಗುತ್ತಿರುವುದು ಅಲ್ಲೇ. ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ. ಆಗಷ್ಟೇ ಪೊರೆ ಬಿಟ್ಟ ಹುಳ ಪೇಲವವಾಗಿರುತ್ತದೆ, ರೆಕ್ಕೆ ಗಾಜಿನಂತೆ ಹೊಳೆಯುತ್ತದೆ. ಎಷ್ಟೋ ಪ್ರಭೇದಗಳ ಗಂಡಿನ ಮೈಮೇಲೆ ಬಲಿತ ನಂತರ ನೀಲಿ-ಬೂದು ಮೇಣದ ಪುಡಿ ಕಟ್ಟಿ ಮೊದಲಿನ ಗುರುತುಗಳೇ ಮುಚ್ಚಿಹೋಗುತ್ತವೆ.

ಡ್ರ್ಯಾಗನ್‌ಫ್ಲೈಯ ಹತ್ತಿರದ ಬಂಧುವಾದ, ಸಣಕಲು ಮೈಯ ಡ್ಯಾಮ್ಸೆಲ್‌ಫ್ಲೈಯನ್ನು ಬೇರ್ಪಡಿಸಲು ರೆಕ್ಕೆ ಮಡಚಿದೆಯೇ ಎಂಬುದೊಂದನ್ನೇ ನಂಬಬೇಡಿ. ಡ್ಯಾಮ್ಸೆಲ್‌ಫ್ಲೈಗಳಲ್ಲೇ ಲೆಸ್ಟಿಡೇ ಎಂಬ ಕುಟುಂಬದವು ರೆಕ್ಕೆ ಅರೆಬಿಚ್ಚಿಕೊಂಡೇ ಕೂರುತ್ತವೆ. ಡಂಬೆಲ್‌ನಂತೆ ದೂರ ದೂರವಿರುವ ಕಣ್ಣುಗಳೇ ಖಚಿತ ಗುರುತು.

ಒಂದೇ ಹುಳದ ಮೂರು ಫೋಟೋ ಬೇಕು: ಎದೆಯ ಪಟ್ಟೆಗಳಿಗೆ ಪಕ್ಕದಿಂದ, ಉದರಕ್ಕೆ ಮೇಲಿನಿಂದ, ಬಾಲದ ತುದಿಯದ್ದು ಹತ್ತಿರದಿಂದ. ತುದಿಯ ಫೋಟೋ ಎಲ್ಲಕ್ಕಿಂತ ಮುಖ್ಯ. ಸಂಗಾತಿಯನ್ನು ಹಿಡಿಯಲು ಗಂಡಿಗೆ ಅಲ್ಲಿರುವ ಕೊಕ್ಕೆಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಉದರಕ್ಕೆ 10 ಖಂಡ. ಎದೆಯ ಕಡೆಯಿಂದ ಎಣಿಸಿದರೆ ತಪ್ಪುತ್ತದೆ, ತುದಿಯನ್ನು 10 ಎಂದಿಟ್ಟು ಹಿಂದಕ್ಕೆ ಎಣಿಸಿ. ಉದಾಹರಣೆಗೆ ಇಸ್ಕ್ನೂರಾ ಎಲೆಗನ್ಸ್ ಎಂಬ ಡ್ಯಾಮ್ಸೆಲ್‌ಫ್ಲೈಯ ಗಂಡಿನ 8ನೇ ಖಂಡ ನೀಲಿ; ಅದರ ಬಂಧು ಇಸ್ಕ್ನೂರಾ ಪ್ಯೂಮಿಲಿಯೊದಲ್ಲಿ ಆ ನೀಲಿ ಮುಖ್ಯವಾಗಿ 9ರ ಮೇಲಿರುತ್ತದೆ. ಒಂದೇ ಖಂಡದ ವ್ಯತ್ಯಾಸ, ಆದರೆ ಹೆಸರೇ ಬದಲು!

ಲೆನ್ಸ್ 100 ಎಂಎಂ ಮ್ಯಾಕ್ರೋ ಆದರೂ ಸರಿ, 300 ಎಂಎಂ ಟೆಲಿ ಆದರೂ ಸರಿ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8ರಿಂದ ಎಫ್/11, ಶಟರ್ 1/500 ಸೆಕೆಂಡ್ ಅಥವಾ ಇನ್ನೂ ವೇಗ. ಕಣ್ಣು ಶಾರ್ಪ್ ಬಂದು ಬಾಲ ಮಸುಕಾಗುತ್ತಿದ್ದರೆ ಅಪರ್ಚರ್‌ಗಿಂತ ನಿಂತ ಕೋನವೇ ಕಾರಣ: ಕ್ಯಾಮೆರಾದ ಹಿಂಬದಿ ಹುಳದ ಮೈಗೆ ಸಮಾನಾಂತರವಾಗಿರಲಿ. ಸಣಕಲು ಡ್ಯಾಮ್ಸೆಲ್‌ಫ್ಲೈ ಬಿಟ್ಟು ಹಿಂದಿನ ಹುಲ್ಲಿಗೆ ಫೋಕಸ್ ಓಡಿದರೆ ಮ್ಯಾನ್ಯುಯಲ್‌ಗೆ ಹಾಕಿ, ನಿಮ್ಮ ಮೈಯನ್ನೇ ಮೆಲ್ಲಗೆ ಹಿಂದೆ ಮುಂದೆ ಮಾಡಿ ಕ್ಲಿಕ್ಕಿಸಿ.

ಬೆಳಗಿನ ತಂಪಿನಲ್ಲಿ, ರೆಕ್ಕೆಯ ಇಬ್ಬನಿ ಆರುವ ಮುಂಚೆ ಅವು ಹಾರಲಾರವು. ಬಿಸಿಲೇರಿದ ಮೇಲೆ ಬಗ್ಗಿ, ನೆರಳು ಬೀಳದಂತೆ ಸಾಗಿ. ಹಾರಿಹೋದರೆ ಬೆನ್ನಟ್ಟಬೇಡಿ, ಕಡ್ಡಿಯ ಮೇಲೆ ಕಾಯುತ್ತಾ ಕೂರುವಂಥದ್ದಾದರೆ ಹೆಚ್ಚಾಗಿ ಅದೇ ಕಡ್ಡಿಗೆ ಮರಳುತ್ತದೆ.

ಹೆಣ್ಣುಗಳನ್ನು ಗುರುತಿಸುವುದು ನಿಜಕ್ಕೂ ಕಷ್ಟ. ಜೋಡಿಯಾಗಿ ಸಿಕ್ಕರೆ ಇಬ್ಬರೂ ಬರುವಂತೆ ಫೋಟೋ ತೆಗೆಯಿರಿ. ಗಂಡಿನ ಗುರುತು ಹಿಡಿದರೆ ಹೆಣ್ಣಿನದೂ ಬಹುತೇಕ ಸಿಕ್ಕಂತೆಯೇ. ಬೇರೆ ಪ್ರಭೇದದ ಹೆಣ್ಣನ್ನು ಗಂಡು ಹಿಡಿಯುವುದೂ ಅಪರೂಪಕ್ಕೆ ಉಂಟು.