ಬೀಜ ಅಲ್ಲಿಯದು, ಸುಲಿಯುವ ಕೈ ಯಾರದು?

ಹೋದ ಸಂಚಿಕೆಯಲ್ಲಿ ಆಫ್ರಿಕಾದ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳು ಬಂದವು. ಮೊದಲೇ ಹೇಳಿಬಿಡುತ್ತೇನೆ, ನಾನು ರಾಯಭಾರಿಯೂ ಅಲ್ಲ, ಪ್ರೊಫೆಸರೂ ಅಲ್ಲ. ಕುಮಟೆಯ ಗೇರುಬೀಜದ ಕಾರ್ಖಾನೆಯೊಂದಕ್ಕೆ ಮಾಲು ನೋಡಿ ತರಲು ಟಾಂಜಾನಿಯಾ, ಮೊಜಾಂಬಿಕ್ ಸುತ್ತಿದವನು. 2019ರಲ್ಲಿ ರಿಟೈರಾಗಿ ಈಗ ಕಾರವಾರದ ಕೋಡಿಬಾಗದಲ್ಲಿ ಕೂತಿದ್ದೇನೆ.

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ನಮ್ಮ ನೌಕಾನೆಲೆಯಿಂದ ಹೊರಟ ಹಡಗಿನಲ್ಲಿ ಬೇರೆ ದೇಶದವರೂ ಇದ್ದರಂತೆ. ಯಾಕೆ? (ಕಾರವಾರ)

ಅದು ಐಎನ್‌ಎಸ್ ಸುನಯನಾ. ಏಪ್ರಿಲ್ 5ರಂದು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಬಂದು ಬೀಳ್ಕೊಟ್ಟರು. ಕೀನ್ಯಾ, ಟಾಂಜಾನಿಯಾ, ಮೊಜಾಂಬಿಕ್, ಮಾರಿಷಸ್, ಶ್ರೀಲಂಕಾ ಹೀಗೆ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ನಮ್ಮವರ ಜತೆ ಹತ್ತಿದ್ದರು. ದಾರ್ ಎಸ್ ಸಲಾಮ್‌ನಲ್ಲಿ ಭಾರತ ಮತ್ತು ಟಾಂಜಾನಿಯಾ ಸೇರಿ ಆಫ್ರಿಕಾದ ದೇಶಗಳ ಜತೆ ಸಮುದ್ರದಲ್ಲಿ ಕವಾಯತು ನಡೆಸಿದವು. ಯಾಕೆ ಅಂತ ನಮ್ಮ ಮೀನುಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಟ್ರಾಲರ್ ಬಂದು ತಳದಿಂದ ಗುಡಿಸಿಕೊಂಡು ಹೋದರೆ ಒಂದು ಊರಿನ ದೋಣಿ ಏನು ಮಾಡೀತು? ಕಡಲ್ಗಳ್ಳರದ್ದೂ ಅದೇ ಕತೆ. ಎಲ್ಲರೂ ಸೇರಿಯೇ ಕಡಲು ಕಾಯಬೇಕು. ಆ ಹಡಗು ಮೊಜಾಂಬಿಕ್‌ನ ನಾಕಾಲಾ ಬಂದರಿಗೂ ಹೋಯಿತು ಎಂದು ಪೇಪರಿನಲ್ಲಿ ಓದಿ ನನಗೆ ಖುಷಿಯಾಯಿತು. ನಮ್ಮ ಬೀಜದ ಚೀಲಗಳು ಹಡಗು ಹತ್ತುತ್ತಿದ್ದದ್ದು ಅಲ್ಲೇ.

ಪ್ರಶ್ನೆ: ನಮ್ಮೂರ ರಸ್ತೆಗೇ ದುಡ್ಡಿಲ್ಲ. ಆಫ್ರಿಕಾಕ್ಕೆ ಕೋಟಿಗಟ್ಟಲೆ ಸಾಲ ಯಾಕೆ ಕೊಡಬೇಕು? (ಶಿರಸಿ)

ಅಡಿಕೆ ಸೊಸೈಟಿಯಲ್ಲಿ ಗೊಬ್ಬರದ ಸಾಲ ತೆಗೆದಿದ್ದೀರಾ? ದುಡ್ಡನ್ನು ನಿಮ್ಮ ಕೈಗೆ ಎಣಿಸುವುದಿಲ್ಲ. ಚೀಟಿ ಕೊಡುತ್ತಾರೆ, ಗೊಬ್ಬರ ಅವರ ಗೋಡೌನಿನಿಂದಲೇ ಬರುತ್ತದೆ, ಸಾಲ ಮಾತ್ರ ನಿಮ್ಮ ಖಾತೆಗೆ ಬೀಳುತ್ತದೆ. ಇದೂ ಹೆಚ್ಚುಕಡಿಮೆ ಹಾಗೇ. ಆಮದು-ರಫ್ತಿಗೆಂದೇ ಇರುವ ನಮ್ಮ ಸರ್ಕಾರದ ಎಕ್ಸಿಮ್ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಮಂಜೂರು ಮಾಡುತ್ತದೆ. ಆದರೆ ಮಾಲು ಮತ್ತು ಕೆಲಸದಲ್ಲಿ ಸಾಮಾನ್ಯವಾಗಿ ನೂರಕ್ಕೆ 75 ಪಾಲು ಭಾರತದಿಂದಲೇ ಹೋಗಬೇಕು. ದುಡ್ಡು ಇಲ್ಲಿನ ಕಂಪನಿಗೇ ಸಲ್ಲುತ್ತದೆ. ಸೆನೆಗಲ್‌ನ ಭತ್ತದ ಗದ್ದೆಗೆ ಕಿರ್ಲೋಸ್ಕರ್ ಪಂಪು ಹೋದದ್ದು ಇಂಥ ಸಾಲದಲ್ಲೇ. ಅಲ್ಲಿನ ರೈತನಿಗೆ ನೀರು, ಇಲ್ಲಿನ ಕಾರ್ಖಾನೆಗೆ ಆರ್ಡರು. ಹಾಗಾಗಿ ಇದು ದಾನ ಅಂತ ಎದೆ ಉಬ್ಬಿಸಿಕೊಳ್ಳುವುದೂ ಬೇಡ, ಕಳಕೊಂಡೆವು ಅಂತ ಅಳುವುದೂ ಬೇಡ.

ಗೊಣಗುವುದಾದರೆ ಬೇರೆ ವಿಷಯಕ್ಕೆ ಗೊಣಗಿ. 2015ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಭಾರತ-ಆಫ್ರಿಕಾ ಸಮ್ಮೇಳನ ಆಯಿತು. ಐದು ವರ್ಷಕ್ಕೆ 10 ಬಿಲಿಯನ್ ಡಾಲರ್ ಸಾಲ, 60 ಕೋಟಿ ಡಾಲರ್ ಅನುದಾನ, 50,000 ವಿದ್ಯಾರ್ಥಿವೇತನ ಎಂದು ಸಾರಿದರು. ಆಮೇಲೆ ಹತ್ತು ವರ್ಷ ಕಳೆದರೂ ಮುಂದಿನ ಸಮ್ಮೇಳನಕ್ಕೆ ಮುಹೂರ್ತ ಕೂಡಿಬರಲಿಲ್ಲ. ಬೀಗರನ್ನು ಊಟಕ್ಕೆ ಕರೆದು ಹತ್ತು ವರ್ಷ ಆ ಕಡೆ ತಲೆ ಹಾಕದಿದ್ದರೆ ಅವರು ಏನಂದುಕೊಳ್ಳುತ್ತಾರೆ? ಇನ್ನು ನಿಮ್ಮೂರ ರಸ್ತೆಯ ದುಡ್ಡು ಸೆನೆಗಲ್‌ಗಂತೂ ಹೋಗಿಲ್ಲ. ಎಲ್ಲಿ ಹೋಯಿತೆಂದು ಹತ್ತಿರದಲ್ಲೇ ವಿಚಾರಿಸಿ.

ಪ್ರಶ್ನೆ: 18 ವರ್ಷದಿಂದ ಗೇರುಬೀಜದ ಸಿಪ್ಪೆ ತೆಗೆಯುವ ಕೆಲಸ ಮಾಡ್ತಿದ್ದೇನೆ. ಆಫ್ರಿಕಾದವರು ಇನ್ನು ಬೀಜ ಕಳಿಸದೆ ಅಲ್ಲೇ ಸುಲಿಯುತ್ತಾರಂತೆ. ನಮ್ಮ ಗತಿ ಏನು? (ಕುಮಟಾ)

ತಂಗೀ, ಈ ಪತ್ರಕ್ಕೆ ಉತ್ತರ ಬರೆಯಲು ಎರಡು ದಿನ ಹಿಡಿಯಿತು.

ನಿನಗೆ ಗೊತ್ತಿರುವುದೇ. ನಮ್ಮ ಬೀಜ ಮಾರ್ಚ್‌ನಿಂದ ಮೇ ತನಕ. ಟಾಂಜಾನಿಯಾ, ಮೊಜಾಂಬಿಕ್ ಕಡೆ ಅಕ್ಟೋಬರ್‌ನಿಂದ ಜನವರಿ. ಮಳೆಗಾಲ ಕಳೆದ ಮೇಲೂ ನಿನ್ನ ಕಾರ್ಖಾನೆಯ ಬಾಯ್ಲರಿನಲ್ಲಿ ಹೊಗೆ ಬರುವುದು ಆ ಬೀಜದಿಂದ. ಬಡ ದೇಶಗಳ ಮಾಲಿಗೆ ಸುಂಕ ಬಿಡುತ್ತೇವೆ ಎಂದು 2008ರಲ್ಲಿ ಭಾರತ ಹೇಳಿದಾಗ ಆ ಪಟ್ಟಿಯಲ್ಲಿ ಗೇರುಬೀಜವೂ ಇತ್ತು.

ಈಗ ಆಚೆ ದಡದ ಕತೆ ಕೇಳು. ಒಂದು ಕಾಲಕ್ಕೆ ಜಗತ್ತಿನಲ್ಲೇ ಜಾಸ್ತಿ ಗೇರು ಬೆಳೆಯುತ್ತಿದ್ದದ್ದು ಮೊಜಾಂಬಿಕ್. ಅಲ್ಲೂ ಸುಲಿಯುವ ಕಾರ್ಖಾನೆಗಳಿದ್ದವು. 1995ರ ಹೊತ್ತಿಗೆ ವಿಶ್ವಬ್ಯಾಂಕು, ಹಸಿ ಬೀಜದ ರಫ್ತು ಸುಂಕ ಇಳಿಸಿದರೆ ಮಾತ್ರ ಸಾಲ ಎಂದಿತು. ರೈತನಿಗೆ ಒಳ್ಳೆ ರೇಟು ಸಿಗುತ್ತದೆ ಎಂಬುದು ಅವರ ಲೆಕ್ಕ. ಬೀಜವೆಲ್ಲ ಹಡಗು ಹತ್ತಿ ಭಾರತಕ್ಕೆ ಬಂತು. ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಜನ, ಅದರಲ್ಲಿ ಹೆಂಗಸರೇ ತುಂಬ, ಕೆಲಸ ಕಳಕೊಂಡರು.

ನಾಕಾಲಾದ ರಸ್ತೆ ಬದಿಯಲ್ಲಿ ಒಬ್ಬಳು ಹುರಿದ ಬೀಜ ಮಾರುತ್ತಿದ್ದಳು. ಚಿಲ್ಲರೆ ಕೊಡಲು ಕೈ ಚಾಚಿದಾಗ ನೋಡಿದೆ. ಎರಡೂ ಹೆಬ್ಬೆರಳ ತುದಿ ಕಪ್ಪು, ಉಗುರಿನ ಬುಡದಲ್ಲಿ ಚರ್ಮ ಎದ್ದಿದೆ. ಬೀಜದ ಸಿಪ್ಪೆಯ ಗೇರೆಣ್ಣೆ ಸುಟ್ಟ ಗುರುತು. ನಮ್ಮ ಕಟಿಂಗ್ ವಿಭಾಗದ ಅಕ್ಕಂದಿರ ಕೈಯೇ ಅದು. ಫ್ಯಾಕ್ಟರಿಯಲ್ಲಿದ್ದೆಯಾ ಅಂತ ಸನ್ನೆಯಲ್ಲಿ ಕೇಳಿದೆ. ತಲೆಯಾಡಿಸಿ, ಮುಚ್ಚಿದ ಗೇಟಿನ ಕಡೆ ಕೈ ತೋರಿಸಿದಳು. ಬೀಜ ಕೊಳ್ಳಲು ಬಂದವ ನಾನು ಅಂತ ಹೇಳಲಿಲ್ಲ.

2018ರ ನವೆಂಬರ್‌ನಲ್ಲಿ ಟಾಂಜಾನಿಯಾದ ಮ್ಟ್ವಾರಾದಲ್ಲಿದ್ದೆ. ವ್ಯಾಪಾರಿಗಳು ಹೇಳಿದ ರೇಟಿಗೆ ರೈತರು ಒಪ್ಪಲಿಲ್ಲ. ಅಧ್ಯಕ್ಷ ಮಗುಫುಲಿ, ಕಿಲೋಗೆ 3,300 ಶಿಲ್ಲಿಂಗ್ ಕೊಟ್ಟು ಸರ್ಕಾರವೇ ಕೊಳ್ಳುತ್ತದೆ ಎಂದು ಸೈನ್ಯದ ಲಾರಿ ಕಳಿಸಿಬಿಟ್ಟರು! ನಾನು ಲಾಡ್ಜಿನಲ್ಲಿ ಕೂತು ಬಾಯಿಗೆ ಬಂದಂತೆ ಬೈದೆ. ಬರಿಗೈಯಲ್ಲಿ ವಾಪಸು ಬಂದೆ. ಆ ಖರೀದಿಯೂ ಸಲೀಸಾಗಿ ನಡೆಯಲಿಲ್ಲ, ಹಣಕ್ಕಾಗಿ ಎಷ್ಟೋ ರೈತರು ಕಾಯಬೇಕಾಯಿತು. ಆದರೂ ಇಷ್ಟು ವರ್ಷ ಹಸಿ ಬೀಜ ಮಾರಿ ನಮಗೇನು ಉಳಿಯಿತು ಎಂಬ ಅವರ ಪ್ರಶ್ನೆ ತಪ್ಪು ಅಂತ ಈಗ ಅನಿಸುವುದಿಲ್ಲ.

ಅದಕ್ಕೇ ನಿನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಅವರು ಸುಲಿಯುವುದು ಜಾಸ್ತಿಯಾಗುತ್ತದೆ. ಆದರೆ ನಿನ್ನ ಕೆಲಸಕ್ಕೆ ಕುತ್ತು ನಾಕಾಲಾದ ಆ ಹೆಂಗಸಿನಂಥವರಿಂದ ಮಾತ್ರ ಬಂದದ್ದಲ್ಲ. ವಿಯೆಟ್ನಾಂ ಮಷಿನ್ ಹಾಕಿ, 2006ರಲ್ಲೇ ತಿರುಳಿನ ರಫ್ತಿನಲ್ಲಿ ನಮ್ಮನ್ನು ದಾಟಿತು. ಭಾರತ 1964ರಿಂದ ಐಟೆಕ್ ಎಂಬ ಯೋಜನೆಯಲ್ಲಿ ಹೊರದೇಶದವರನ್ನು ಕರೆಸಿ ತರಬೇತಿ ಕೊಡುತ್ತಿದೆ. ನನ್ನನ್ನು ಕೇಳಿದರೆ, ಗ್ರೇಡಿಂಗ್, ಅಂದರೆ ತಿರುಳನ್ನು ಗಾತ್ರ ನೋಡಿ ನಂಬರಿನ ಪ್ರಕಾರ ವಿಂಗಡಿಸುವುದನ್ನು ಕಲಿಸಲು ನಿನ್ನಂಥವರನ್ನೇ ಕರೆಯಬೇಕು. 320 ನಂಬರಿನ ತಿರುಳನ್ನು ಕಣ್ಣಳತೆಯಲ್ಲೇ ಬೇರೆ ಮಾಡುವ ಕೈ ಎಷ್ಟು ಜನಕ್ಕಿದೆ? ಅವರು ಸುಲಿದು ಕಳಿಸಲಿ, ಇಲ್ಲಿ ಗ್ರೇಡ್ ಮಾಡಿ, ಮಸಾಲೆ ಹಾಕಿ, ಪ್ಯಾಕ್ ಮಾಡಿ ಮಾರೋಣ. ಆ ಕೆಲಸದಲ್ಲಿ ಕೈಯೂ ಸುಡುವುದಿಲ್ಲ. ನಿನ್ನ ಮಾಲೀಕರು ಈಗಿನಿಂದಲೇ ಆ ಕಡೆ ಹೊರಳದಿದ್ದರೆ ನಿನ್ನ ಭಯ ನಿಜ. ಈ ಪುಟ ಹರಿದು ಅವರ ಟೇಬಲ್ ಮೇಲಿಡು, ನನ್ನ ಹೆಸರು ಹೇಳು.

ಪ್ರಶ್ನೆ: ಅಲ್ಲಿ ಯಾವ ಭಾಷೆ ಆಡುತ್ತಿದ್ದಿರಿ? (ಅಂಕೋಲಾ)

ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಟಾಂಜಾನಿಯಾದ ಸ್ವಾಹಿಲಿಯಲ್ಲಿ ಅಂಗಡಿಗೆ ದುಕಾ, ಗಾಡಿಗೆ ಗಾರಿ, ವಿಮೆಗೆ ಬಿಮಾ. ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿಯೇ. ಗೇರುಬೀಜಕ್ಕೆ ಮಾತ್ರ ಕೊರೋಶೋ ಅನ್ನುತ್ತಾರೆ. ಗಡಿ ದಾಟಿ ಮೊಜಾಂಬಿಕ್‌ಗೆ ಹೋದರೆ ಆ ತಾಪತ್ರಯವೂ ಇಲ್ಲ. ಪೋರ್ಚುಗೀಸರು ಬ್ರೆಜಿಲ್‌ನಿಂದ ಗೇರನ್ನು ಗೋವಾಕ್ಕೂ ತಂದರು, ಅಲ್ಲಿಗೂ ಒಯ್ದರು. ಮೊದಲ ದಿನ ಬಾಯಿತಪ್ಪಿ ಮನೆಯ ಕೊಂಕಣಿಯಲ್ಲೇ ‘ಕಾಜು’ ಅಂದೆ. ಹಮಾಲಿ ಸೀದಾ ಹೋಗಿ ಸರಿಯಾದ ಚೀಲವನ್ನೇ ಹೊತ್ತು ತಂದ.