ಪ್ರೋಟೀನನ್ನು ಹೆಣೆಯುವವರು ಯಾರು?

ಪ್ರಶ್ನೆ: ಪ್ರೋಟೀನಿನ ವಿವರವೆಲ್ಲ ಡಿಎನ್‌ಎಯಲ್ಲಿದೆ ಎಂದು ಓದಿದ್ದೇನೆ. ಆದರೆ ಡಿಎನ್‌ಎ ಕೋಶಕೇಂದ್ರವನ್ನು ಬಿಟ್ಟು ಬರುವುದಿಲ್ಲ, ಪ್ರೋಟೀನು ತಯಾರಾಗುವುದೋ ಹೊರಗಿನ ರೈಬೋಸೋಮಿನಲ್ಲಿ. ಹಾಗಾದರೆ ಕೆಲಸ ನಡೆಸುವವರು ಯಾರು? ಅದಕ್ಕೆ ಮೂರು ಬಗೆಯ ಆರ್‌ಎನ್‌ಎ ಏಕೆ ಬೇಕು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ರಕ್ತದ ಹಿಮೋಗ್ಲೋಬಿನ್ನನ್ನೇ ಉದಾಹರಣೆಯಾಗಿ ನೋಡೋಣ. ಅದರ ಬೀಟಾ ಸರಪಳಿಯಲ್ಲಿ ಪ್ರೋಟೀನಿನ ಕೊಂಡಿಗಳಾದ ಅಮೈನೋ ಆಮ್ಲಗಳು 146 ಇವೆ. ಯಾವುದರ ನಂತರ ಯಾವುದು ಎಂಬುದು ಡಿಎನ್‌ಎಯ ಒಂದು ವಂಶವಾಹಿಯಲ್ಲಿದೆ. ಕೆಂಪು ರಕ್ತಕಣವಾಗಲಿರುವ ಅಸ್ಥಿಮಜ್ಜೆಯ ಕೋಶದಲ್ಲಿ ಆ ವಂಶವಾಹಿಯ ನಕಲು ಆರ್‌ಎನ್‌ಎ ರೂಪದಲ್ಲಿ ಸಿದ್ಧವಾಗಿ, ನಡುವೆ ಇರುವ, ಪ್ರೋಟೀನಿಗೆ ಬೇಡದ ತುಣುಕುಗಳನ್ನು ಕಳಚಿಕೊಂಡು, ಕೋಶಕೇಂದ್ರದ ರಂಧ್ರಗಳ ಮೂಲಕ ಹೊರಬರುತ್ತದೆ. ಇದೇ ಸಂದೇಶವಾಹಕ ಆರ್‌ಎನ್‌ಎ.

ರೈಬೋಸೋಮು ಈ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಿಂದಾಗುವ 64 ತ್ರಿವಳಿಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಉಳಿದ ಮೂರು ಓದು ಮುಗಿಯಿತೆಂದು ತಿಳಿಸುತ್ತವೆ. ಈ ಲಿಪಿಯನ್ನು ಬಿಡಿಸಿದ ಕೆಲಸಕ್ಕಾಗಿ ಹರಗೋವಿಂದ ಖೊರಾನಾ ಅವರು ನಿರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ 1968ರ ನೊಬೆಲ್ ಹಂಚಿಕೊಂಡರು.

ಆದರೆ ಸಂದೇಶದ ಅಕ್ಷರಕ್ಕೆ ಅಮೈನೋ ಆಮ್ಲದ ಗುರುತಿಲ್ಲ. ನಡುವೆ ನಿಂತು ಎರಡನ್ನೂ ಕೂಡಿಸುವುದು ಟಿ-ಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಅಮೈನೋ ಆಮ್ಲ, ಇನ್ನೊಂದು ತುದಿಯಲ್ಲಿ ತ್ರಿವಳಿಗೆ ಜೋಡಿಯಾಗುವ ಮೂರು ಅಕ್ಷರಗಳಿರುತ್ತವೆ. ರೈಬೋಸೋಮು ಮುಖ್ಯವಾಗಿ ಪರೀಕ್ಷಿಸುವುದು ಈ ಜೋಡಿಯನ್ನೇ. ಹೊತ್ತು ತಂದ ಆಮ್ಲ ಸರಿಯಾದದ್ದೇ ಎಂದು ನೋಡುವ ಹೊಣೆ ಅದನ್ನು ಮೊದಲೇ ಅಂಟಿಸಿದ ಕಿಣ್ವದ್ದು. ಆದ್ದರಿಂದಲೇ ಮೂಲದಲ್ಲಿ ಒಂದಕ್ಷರ ತಪ್ಪಿದರೂ ಮುಂದಿನವರು ಅದನ್ನು ಹಾಗೆಯೇ ಪಾಲಿಸುತ್ತಾರೆ. ಬೀಟಾ ಸರಪಳಿಯ ಆರನೆಯ ಸ್ಥಾನದ ‘ಜಿಎಜಿ’ಯು ‘ಜಿಯುಜಿ’ ಆದರೆ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಬಂದು ಕೂರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದವರಲ್ಲಿ ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಸಿಕಲ್ ಸೆಲ್ ಕಾಯಿಲೆಯ ಒಂದು ಮುಖ್ಯ ರೂಪ ಇದೇ.

ಮೂರನೆಯದಾದ ರೈಬೋಸೋಮಿನ ಆರ್‌ಎನ್‌ಎಯನ್ನು ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲಿಯೇ. ಅಮೈನೋ ಆಮ್ಲಗಳನ್ನು ಬೆಸೆಯುವುದು ರೈಬೋಸೋಮಿನಲ್ಲಿರುವ ಪ್ರೋಟೀನುಗಳ ಕೆಲಸ, ಆರ್‌ಎನ್‌ಎ ಅವಕ್ಕೆ ಆಧಾರವಾಗಿರುವ ಚೌಕಟ್ಟು ಮಾತ್ರ ಎಂದು ಬಹುಕಾಲ ಭಾವಿಸಲಾಗಿತ್ತು. 2000ದಲ್ಲಿ ರೈಬೋಸೋಮಿನ ದೊಡ್ಡ ಭಾಗದ ರಚನೆ ಸೂಕ್ಷ್ಮವಾಗಿ ತಿಳಿದಾಗ, ಬೆಸುಗೆ ನಡೆಯುವ ಜಾಗದ ಸುತ್ತ ಕಂಡದ್ದು ಆರ್‌ಎನ್‌ಎ. ಬೆಸುಗೆಗೆ ನೆರವಾಗುವಷ್ಟು ಹತ್ತಿರದಲ್ಲಿ ಯಾವ ಪ್ರೋಟೀನೂ ಇರಲಿಲ್ಲ. ಅಂದರೆ ಅಮೈನೋ ಆಮ್ಲಗಳನ್ನು ಬೆಸೆಯುವುದು ಆರ್‌ಎನ್‌ಎಯೇ. ರೈಬೋಸೋಮಿನ ಅಧ್ಯಯನಕ್ಕಾಗಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಮತ್ತು ಅದಾ ಯೋನತ್ ಅವರಿಗೆ 2009ರ ನೊಬೆಲ್ ಸಂದಿತು. ಹಿಂದೆ ಟೈಫಾಯ್ಡ್ ಜ್ವರಕ್ಕೆ ಬಹಳವಾಗಿ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಹೋಗಿ ಕೂರುವುದೂ ಈ ಆರ್‌ಎನ್‌ಎ ಜಾಗದಲ್ಲಿಯೇ. ಅದು ಅಲ್ಲಿ ಕೂತರೆ ಮುಂದಿನ ಅಮೈನೋ ಆಮ್ಲಕ್ಕೆ ಸರಿಯಾಗಿ ನೆಲೆಗೊಳ್ಳಲು ಎಡೆ ಸಿಗದೆ ಸರಪಳಿ ಅರ್ಧಕ್ಕೇ ನಿಲ್ಲುತ್ತದೆ.