ಮೂರು ಮನವಿ ಕೊಟ್ಟರೂ ಹೊಗೆ ನಿಂತಿಲ್ಲ, ಮುಂದೇನು?

ಪ್ರಶ್ನೆ: ನಮ್ಮ ಬಡಾವಣೆಯ ಅಂಚಿನ ಖಾಲಿ ಜಾಗದಲ್ಲಿ ರಾತ್ರಿ ಹೊತ್ತು ಕಸಕ್ಕೆ ಬೆಂಕಿ ಹಾಕುತ್ತಾರೆ. ಪಕ್ಕದ ಕೊಳವೆಬಾವಿಯ ನೀರಿಗೂ ಈಚೆಗೆ ವಾಸನೆ ಬರುತ್ತಿದೆ. ಇನ್ನೂರು ಜನರ ಸಹಿ ಹಾಕಿಸಿ ಮೂರು ಸಲ ಮನವಿ ಕೊಟ್ಟರೂ ಪ್ರಯೋಜನವಾಗಿಲ್ಲ. ಜೊತೆಗಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದಾರೆ. ಮನವಿಯ ಪ್ರತಿ ಲಗತ್ತಿಸಿದ್ದೇನೆ. ಏನು ಮಾಡಬಹುದು?

ಉತ್ತರ: ಮನವಿ ಓದಿದೆ. ‘ಮಾಲಿನ್ಯ ತಡೆಗಟ್ಟಿ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಿದೆ. ತೊಡಕು ಅಲ್ಲಿಯೇ ಇದೆ. ಆ ಕ್ರಮ ಯಾವುದು, ಯಾರು, ಎಷ್ಟು ದಿನದೊಳಗೆ ಕೈಗೊಳ್ಳಬೇಕು ಎಂಬುದನ್ನು ನೀವೇ ಬರೆಯದಿದ್ದರೆ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇರುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ‘ಮಂಗಳವಾರ, ರಾತ್ರಿ 9.40. ಒಂದು ಗಂಟೆ ಉರಿಯಿತು. ಗಾಳಿ ಪೂರ್ವದಿಂದ. ಪ್ಲಾಸ್ಟಿಕ್ ಸುಟ್ಟ ವಾಸನೆ. ಕಸದ ಗಾಡಿ ಶನಿವಾರದಿಂದ ಬಂದಿಲ್ಲ.’ ಇಷ್ಟು ಸಾಕು. ನಾಲ್ಕು ವಾರ ಬಿಡದೆ ಬರೆದರೆ, ಗಾಡಿ ತಪ್ಪಿದ ದಿನಗಳಿಗೂ ಬೆಂಕಿಗೂ ನಂಟಿದೆಯೇ ಎಂಬುದು ತಾನೇ ಕಾಣುತ್ತದೆ. ನಂಟಿದ್ದರೆ ನಿಮ್ಮ ಬೇಡಿಕೆ ‘ಹೊಗೆ ನಿಲ್ಲಿಸಿ’ ಎಂದಾಗಬಾರದು. ‘ಹಸಿ ಕಸ ದಿನವೂ, ಒಣ ಕಸ ಗೊತ್ತಾದ ದಿನವೂ ಒಯ್ಯಿರಿ’ ಎಂದಾಗಬೇಕು. ಅದಕ್ಕೆ ತಕ್ಕಂತೆ ಮನೆಮನೆಯಲ್ಲೂ ಕಸ ಬೇರ್ಪಡಿಸುವ ಹೊಣೆ ನಿಮ್ಮದು.

ಬೆಂಕಿ ಕಡ್ಡಿ ಗೀರಿದವನನ್ನು ಮಾತ್ರ ದಯವಿಟ್ಟು ಶತ್ರುವಾಗಿಸಬೇಡಿ. ಕಸ ಸಾಗಿಸಲು ಬೇರೆ ದಾರಿಯಿಲ್ಲದೆ ಸುಡುವ ಕಾರ್ಮಿಕನೂ ಅವನಿರಬಹುದು. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವನು ಅವನೇ. ಅವನನ್ನೂ ಸಭೆಗೆ ಕರೆಯಿರಿ. ಕಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಗಾಳಿಯ ಅಳತೆಗೆ ಅಗ್ಗದ ಸೆನ್ಸರ್ ಆಗುತ್ತದೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ಘನ ಮೀಟರ್ ಗಾಳಿಗೆ 24 ಗಂಟೆಯ ಸರಾಸರಿ 15 ಮೈಕ್ರೋಗ್ರಾಂ. ಆದರೆ ಇಂಥ ಸೆನ್ಸರ್ ಮಂಜು, ತೇವ ಇದ್ದಾಗ ಹೆಚ್ಚು ತೋರಿಸುತ್ತದೆ. ಹಾಗಾಗಿ ಬೆಂಕಿಯಿದ್ದ ರಾತ್ರಿಯನ್ನು ಇಲ್ಲದ ರಾತ್ರಿಯೊಡನೆ ಹೋಲಿಸಿ ಬರೆಯಿರಿ.

ನೀರಿನ ವಾಸನೆಗೆ ಕಸವೇ ಕಾರಣ ಎಂದು ಈಗಲೇ ಬರೆಯಬೇಡಿ. ಭೂಮಿಯೊಳಗಿನ ಕಬ್ಬಿಣ, ಗಂಧಕದ ಅಂಶದಿಂದಲೂ ವಾಸನೆ ಬರುತ್ತದೆ. ಪರೀಕ್ಷೆಯಲ್ಲಿ ಅದು ಸುಳ್ಳಾದರೆ ಹೊಗೆಯ ದೂರಿನ ಬೆಲೆಯೂ ಹೋಗುತ್ತದೆ. ಪ್ರಯೋಗಾಲಯದಿಂದಲೇ ಕ್ರಿಮಿಶುದ್ಧ ಬಾಟಲಿ ತನ್ನಿ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಮುಚ್ಚಳದ ಒಳಬದಿ ಮುಟ್ಟದೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಮಲದ ಸೋಂಕನ್ನು ತೋರಿಸುವ ಬ್ಯಾಕ್ಟೀರಿಯಾ ಇ.ಕೋಲಿ, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಕೊಳಚೆ, ಗೊಬ್ಬರದಿಂದ ನೀರಿಗಿಳಿಯುವ ನೈಟ್ರೇಟ್, ಭಾರತದ ಕುಡಿಯುವ ನೀರಿನ ಮಾನದಂಡದಂತೆ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು.

ಹಿಂದೆ ಸರಿದವರನ್ನು ಮತ್ತೆ ಸಭೆಗೆ ಎಳೆಯಬೇಡಿ, ಚಿಕ್ಕ ಕೆಲಸ ಕೊಡಿ. ಒಬ್ಬರು ಗಾಡಿಯ ವೇಳೆ ಬರೆಯಲಿ, ಇನ್ನೊಬ್ಬರು ಫೋಟೊ ತೆಗೆಯಲಿ. ಹೊಸ ಮನವಿಯ ಮೊದಲ ಸಾಲಿನಲ್ಲಿ, ಶುದ್ಧ ಮತ್ತು ಆರೋಗ್ಯಕರ ಪರಿಸರ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2022ರ ಜುಲೈ 28ರಂದು ಒಪ್ಪಿದ್ದನ್ನು ಬರೆಯಿರಿ. ಅದು ಕಾನೂನಿನಂತೆ ಕಟ್ಟಿಹಾಕದು, ಆದರೂ ನೀವು ದಯೆ ಬೇಡುತ್ತಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ವರದಿ ಬರುವವರೆಗೆ ಆ ನೀರನ್ನು ಕುಡಿಯಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಎಳೆಗೂಸಿನ ಬಾಟಲಿಗಂತೂ ಅದು ಬೇಡವೇ ಬೇಡ.